ನೆರಳು ಅಳೆದು ಬಿಸಿಲಿಗೆ ಬಿಡುವುದು

ಕಳೆದ ವರ್ಷ ಮಾರ್ಚಿನಲ್ಲಿ ಮಗಳಿಗೆಂದು ತಂದ 50 ಗ್ರಾಂ ಸನ್‌ಸ್ಕ್ರೀನ್ ಟ್ಯೂಬು ಮೇ ತಿಂಗಳ ಕೊನೆಗೆ ಬಂದರೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ದುಬಾರಿ ವಸ್ತುವನ್ನು ಕೈ ಹಿಡಿದು ಬಳಸಿದ್ದೇನೆಂಬ ಸಣ್ಣ ಹೆಮ್ಮೆಯೂ ನನಗಿತ್ತು. ಅದೇ ಟ್ಯೂಬನ್ನು ಚೀಲದಲ್ಲಿಟ್ಟುಕೊಂಡು ಗೋಕರ್ಣಕ್ಕೆ ಹೋದೆವು. ಮಳೆಗಾಲಕ್ಕೆ ಮುಂಚಿನ ತೆಳು ಮೋಡ ಆಕಾಶವನ್ನು ಮುಸುಕಿತ್ತು, ಸಮುದ್ರದ ಗಾಳಿಯೂ ಜೋರಾಗಿತ್ತು, ಬಿಸಿಲಿದೆಯೆಂದೇ ಅನ್ನಿಸಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಬಟಾಣಿ ಕಾಳಿನಷ್ಟು ಕ್ರೀಮನ್ನು ಅವಳ ಮುಖಕ್ಕೆ ಸವರಿ, ಮಧ್ಯಾಹ್ನ ಒಂದರವರೆಗೆ ಉಸುಕಿನಲ್ಲಿ ಆಡಲು ಬಿಟ್ಟೆ. ಅರಬೈಲು ಘಟ್ಟ ಹತ್ತಿ ಯಲ್ಲಾಪುರ ದಾಟುವ ಹೊತ್ತಿಗೆ ಅವಳು ಹೆಗಲು ಮುಟ್ಟಗೊಡಲಿಲ್ಲ. ಧಾರವಾಡದ ಮನೆಗೆ ಬಂದು ದೀಪದ ಬೆಳಕಿನಲ್ಲಿ ನೋಡಿದರೆ, ಫ್ರಾಕಿನ ಪಟ್ಟಿ ಇದ್ದ ಎರಡು ಗೆರೆಗಳನ್ನು ಬಿಟ್ಟು ಹೆಗಲು ಮತ್ತು ಬೆನ್ನಿನ ಮೇಲ್ಭಾಗ ಕಾದ ಹಂಚಿನ ಹಾಗಾಗಿತ್ತು. ನಾಲ್ಕನೆಯ ದಿನ ಚರ್ಮವು ಉಳ್ಳಾಗಡ್ಡಿಯ ಸಿಪ್ಪೆಯಂತೆ ಸುಲಿಯತೊಡಗಿತು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ತರಂಗಾಂತರಗಳ ಪಟ್ಟಿಯನ್ನು ಬರೆದು, ನೇರಳಾತೀತ ಕಿರಣ ಕಣ್ಣಿಗೆ ಕಾಣುವುದಿಲ್ಲ, ಬಿಸಿಯಾಗಿ ಅನುಭವಕ್ಕೂ ಬರುವುದಿಲ್ಲ ಎಂದು ಮಕ್ಕಳಿಗೆ ಹೇಳುವವಳೇ ಮೋಡ ಮತ್ತು ಗಾಳಿಯನ್ನು ನಂಬಿ ಮೋಸಹೋದೆನಲ್ಲ ಎಂಬ ನಾಚಿಕೆಯಿಂದ ಆ ಜೂನಿನಲ್ಲಿ ಈ ವಿಷಯವನ್ನು ಮೊದಲಿನಿಂದ ಕುಳಿತು ಓದಿದೆ. ವೈದ್ಯಳಲ್ಲದ ತಾಯಿಯೊಬ್ಬಳು ಓದಿ, ಅಳೆದು, ಮನೆಯಲ್ಲಿ ಮಾಡಿ ನೋಡಿದ ಸಂಗತಿಗಳಷ್ಟೇ ಇಲ್ಲಿವೆ.

ಬಿಸಿಲಿನ ಬಿಸಿ ಬೇರೆ, ಬಿಸಿಲಿನ ಸುಡುವಿಕೆ ಬೇರೆ. ಮೈ ಬೆಚ್ಚಗೆ ಮಾಡುವುದು ಮುಖ್ಯವಾಗಿ ಅವಕೆಂಪು ಕಿರಣ ಮತ್ತು ಕಣ್ಣಿಗೆ ಕಾಣುವ ಬೆಳಕು. ಚರ್ಮವನ್ನು ಕೆಂಪಗೆ ಸುಡುವುದು ಸುಮಾರು 290ರಿಂದ 320 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣ, ಅಂದರೆ ಯುವಿಬಿ. ಅದಕ್ಕಿಂತ ಉದ್ದನೆಯ, 400 ನ್ಯಾನೊಮೀಟರ್‌ವರೆಗಿನ ಯುವಿಎ ಚರ್ಮದ ಇನ್ನಷ್ಟು ಆಳಕ್ಕೆ ಇಳಿದು, ಕಪ್ಪು ಕಲೆಗಳಿಗೂ ಕಾಲಕ್ಕೆ ಮೊದಲೇ ಬರುವ ಸುಕ್ಕಿಗೂ ಕಾರಣವಾಗುತ್ತದೆ. ತೆಳು ಮೋಡದ ಮೂಲಕ ನೇರಳಾತೀತ ಕಿರಣಗಳ ಶೇ. 80ರಷ್ಟು ಕೂಡ ದಾಟಿ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಣ ಉಸುಕು ಇನ್ನೂ ಸುಮಾರು ಶೇ. 15ರಷ್ಟನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸುತ್ತದೆ. ಸುಟ್ಟದ್ದು ಕೂಡಲೇ ಗೊತ್ತಾಗುವುದೂ ಇಲ್ಲ. ಕೆಂಪಾಗಲು ಕೆಲವು ಗಂಟೆಗಳು ಬೇಕು, ಉರಿ ಪೂರ್ತಿ ಏರಲು ಒಂದು ದಿನವೇ ಹಿಡಿಯಬಹುದು. ಗೋಕರ್ಣದಲ್ಲಿ ನಗುತ್ತಿದ್ದ ಹುಡುಗಿ ಯಲ್ಲಾಪುರದಲ್ಲಿ ಅತ್ತದ್ದು ಈ ಕಾರಣಕ್ಕೆ. ಹಾಗೆ ಸುಟ್ಟಾಗ ತಣ್ಣೀರಿನಲ್ಲಿ ಅದ್ದಿದ ಬಟ್ಟೆ, ಕುಡಿಯಲು ಧಾರಾಳವಾಗಿ ನೀರು ಮತ್ತು ಮಜ್ಜಿಗೆ, ಸಡಿಲವಾದ ಹತ್ತಿಯ ಅಂಗಿ ಸಾಕು. ಮಂಜುಗಡ್ಡೆಯನ್ನಾಗಲಿ ಟೂತ್‌ಪೇಸ್ಟನ್ನಾಗಲಿ ಹಚ್ಚಬಾರದು. ಬೊಬ್ಬೆ ಎದ್ದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಬೇಕು.

ಇನ್ನು ನಮ್ಮೂರಿನ ಸೂರ್ಯನ ಲೆಕ್ಕ. ಹುಬ್ಬಳ್ಳಿ-ಧಾರವಾಡ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಆರಂಭದಲ್ಲಿ ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75 ಡಿಗ್ರಿಯ ಹತ್ತಿರ. ಆದ್ದರಿಂದ ನಮ್ಮ ನಿಜವಾದ ನಡುಹಗಲು ಬರುವುದು ಹನ್ನೆರಡು ಗಂಟೆಗಲ್ಲ, ಹನ್ನೆರಡೂವರೆಯ ಹತ್ತಿರ. ಈ ವರ್ಷ ಮೇ ಮೊದಲ ವಾರದಲ್ಲಿ ಮಗಳನ್ನು ಕರೆದುಕೊಂಡು ಮಾಳಿಗೆ ಹತ್ತಿದೆ. ಒಂದು ಸ್ಟೀಲ್ ಲೋಟವನ್ನು ಬೋರಲು ಹಾಕಿ ಇಟ್ಟೆವು. ಹನ್ನೆರಡು ಗಂಟೆಗೆ ಅದರ ಪಶ್ಚಿಮಕ್ಕೆ ಉಗುರಿನಗಲದ ನೆರಳಿತ್ತು. ಅದು ಸಣ್ಣಗಾಗುತ್ತ ಹೋಗಿ, ಹನ್ನೆರಡೂ ಇಪ್ಪತ್ತೇಳರ ಸುಮಾರಿಗೆ ಲೋಟದ ಬುಡದಲ್ಲಿ ಎಲ್ಲಿಯೂ ನೆರಳೇ ಇಲ್ಲದಂತಾಯಿತು. ಅವಳು ತನ್ನ ಕಾಲ ಕೆಳಗೆ ನೋಡಿಕೊಂಡು, "ಅವ್ವಾ, ನನ್ನ ನೆಳ್ಳ ಎಲ್ಲಿ ಹೋತು?" ಎಂದು ಕೇಳಿದಳು. ನಾವಿಬ್ಬರೂ ಕೊಡೆಯಡಿ ನಿಂತೇ ಪ್ರಯೋಗ ಮಾಡಬೇಕಿತ್ತೆಂಬ ವಿವೇಕ ನನಗೆ ಆಮೇಲೆ ಬಂದಿತು. ಎರಡೇ ನಿಮಿಷಕ್ಕೆ ಕೆಳಗಿಳಿದೆವು.

ಆ ಪ್ರಶ್ನೆಯೇ ನಮ್ಮ ಮನೆಯ ಗಡಿಯಾರವಾಯಿತು. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆಂದೂ, ಕಿರಣಗಳು ವಾತಾವರಣದ ಕಡಿಮೆ ದೂರವನ್ನು ದಾಟಿ ಬರುವುದರಿಂದ ಯುವಿಬಿ ಜೋರಾಗಿದೆಯೆಂದೂ ಅರ್ಥ. ಮೇ ಆರಂಭದಲ್ಲಿ ನಮ್ಮಲ್ಲಿ ಬೆಳಿಗ್ಗೆ ಸುಮಾರು 9.20ಕ್ಕೆ ನೆರಳು ನಮ್ಮಷ್ಟೇ ಉದ್ದವಾಗಿ, ಮತ್ತೆ ನಮ್ಮಷ್ಟಾಗುವುದು ಮಧ್ಯಾಹ್ನ 3.35ರ ಹೊತ್ತಿಗೆ. ಡಿಸೆಂಬರ್ ಕೊನೆಯಲ್ಲಿ ಈ ಅವಧಿ ಸುಮಾರು ಹನ್ನೊಂದರಿಂದ ಎರಡರವರೆಗೆ ಮಾತ್ರ. ಹತ್ತರಿಂದ ನಾಲ್ಕರವರೆಗೆ ಬಿಸಿಲು ಬೇಡ ಎಂಬ ಎಲ್ಲ ಊರುಗಳಿಗೂ ಒಂದೇ ಆದ ಸಲಹೆಗಿಂತ ಇದು ಕರಾರುವಾಕ್ಕು, ಅದೂ ಗಡಿಯಾರ ನೋಡಲು ಬಾರದ ಮಗುವಿಗೂ ತಿಳಿಯುವಂಥದ್ದು. ಆಗಸ್ಟಿನ ವಿಷಯದಲ್ಲಿ ನಾವೆಲ್ಲ ಎಚ್ಚರ ತಪ್ಪುತ್ತೇವೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಮಳೆ, ಸ್ವೆಟರ್ ಹಾಕುವಷ್ಟು ತಂಪು. ನಡುವೆ ಒಂದು ಗಂಟೆ ಮೋಡ ಹರಿದರೆ ಬೀಳುವುದು ಮಾತ್ರ ನೆತ್ತಿಯ ಮೇಲಿನ ಸೂರ್ಯನ ಬಿಸಿಲೇ.

ಹೊತ್ತು ನೋಡಿಕೊಂಡ ಮೇಲೆ ಬರುವುದು ಬಟ್ಟೆ. ಇದರಲ್ಲಿ ನನ್ನ ಅತ್ತೆಯವರೇ ನನಗಿಂತ ತಿಳಿದವರು. ಗದಗ ಜಿಲ್ಲೆಯ ಎರೆಭೂಮಿಯ ಹೊಲಗಳಲ್ಲಿ ಬಾಳು ಕಳೆದ ಅವರು ಮಗಳ ಶಾಲೆಯ ಟೊಪ್ಪಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕೂಸಿದ್ದಾಗ ಕುಂಚಿಗಿ ಕಟ್ಟತಿದ್ವಿ ನೋಡವಾ, ಕಿವಿ ಕುತ್ತಿಗಿ ಬೆನ್ನ ಎಲ್ಲಾ ಮುಚ್ಚತಿತ್ತು. ಈ ಟೊಪಗಿ ಹಣಿಗಷ್ಟ ನೆಳ್ಳ ಕೊಡತೈತಿ" ಎಂದರು. ಮುಂದೆ ಮಾತ್ರ ಚಾಚಿದ ಕ್ರಿಕೆಟ್ ಟೊಪ್ಪಿಗೆ ಕಿವಿಯನ್ನೂ ಕತ್ತಿನ ಹಿಂಭಾಗವನ್ನೂ ಹಾಗೆಯೇ ಬಿಡುತ್ತದೆ. ಖಣದ ಬಟ್ಟೆಯಲ್ಲಿ ಹೊಲಿದು, ಹಿಂದೆ ಸೊಂಟದವರೆಗೆ ಇಳಿಬಿಡುವ ಕುಂಚಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಏಳು ವರ್ಷದ ಹುಡುಗಿ ಕುಂಚಿಗೆ ಕಟ್ಟಿಸಿಕೊಳ್ಳಲಾರಳು, ಆದ್ದರಿಂದ ಸುತ್ತಲೂ ನಾಲ್ಕು ಬೆರಳು ಅಂಚಿರುವ ಟೊಪ್ಪಿಗೆಯ ಹಿಂಭಾಗಕ್ಕೆ ಅತ್ತೆಯವರು ಹಳೆಯ ಖಣದ ತುಂಡೊಂದನ್ನು ಹೊಲಿದುಕೊಟ್ಟಿದ್ದಾರೆ. ಅದನ್ನು ಅವಳು ಜುಟ್ಟು ಎಂದು ಕರೆಯುತ್ತಾಳೆ.

ಬಟ್ಟೆಯನ್ನು ಆರಿಸಲು ಸುಲಭವಾದ ಪರೀಕ್ಷೆಯೊಂದಿದೆ. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಕೈಯಿಟ್ಟಾಗ ಬೆರಳು ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ನೇರಳಾತೀತ ಕಿರಣವನ್ನೂ ಒಳಬಿಡುತ್ತದೆ. ತೆಳ್ಳನೆಯ ಬಿಳಿ ಹತ್ತಿಗಿಂತ ಒತ್ತಾಗಿ ನೇಯ್ದ, ಸ್ವಲ್ಪ ಗಾಢ ಬಣ್ಣದ ಬಟ್ಟೆ ಮೇಲು; ಒದ್ದೆಯಾದ ಹತ್ತಿ ಒಣಗಿದ್ದಕ್ಕಿಂತ ಕಡಿಮೆ ರಕ್ಷಣೆ ಕೊಡುತ್ತದೆ. ಹುಬ್ಬಳ್ಳಿಯ ಬೆಂಗೇರಿಯಿಂದ ತಂದ ನೀಲಿ ಖಾದಿಯಲ್ಲಿ ಹೊಲಿಸಿದ ತುಂಬುತೋಳಿನ ಸಡಿಲ ಅಂಗಿ ಈ ಪರೀಕ್ಷೆಯಲ್ಲಿ ಗೆದ್ದಿತು, ಅಂಗಡಿಯಿಂದ ತಂದ ಬಿಳಿ ಮಲ್‌ಮಲ್ ಸೋತಿತು. ಮರದ ನೆರಳಿನಲ್ಲೂ ತಾರತಮ್ಯವಿದೆ. ನೇರಳಾತೀತ ಕಿರಣ ಆಕಾಶದ ತುಂಬ ಚದುರಿಕೊಂಡು ಬರುವುದರಿಂದ, ಬಯಲಿನ ನಡುವಿನ ಒಂಟಿ ಕೊಡೆಯ ಕೆಳಗೆ ಕುಳಿತವರಿಗೂ ಸುತ್ತಲಿನ ಆಕಾಶದಿಂದ ಅದು ತಗಲುತ್ತಲೇ ಇರುತ್ತದೆ. ದಟ್ಟ ಹುಣಸೆಮರದ ಕೆಳಗೆ ಆಕಾಶವೇ ಕಾಣದಿರುವುದರಿಂದ ಅದು ಬಹಳ ಕಡಿಮೆ.

ಹೊತ್ತು, ಬಟ್ಟೆ, ನೆರಳು ಮೂರೂ ಮುಗಿದ ಮೇಲೆ ಉಳಿದ ಮೈಗೆ ಕ್ರೀಮು. ಹಿಂದಿನ ವರ್ಷ ನಾನು ಈ ಕ್ರಮವನ್ನು ತಿರುವುಮುರುವು ಮಾಡಿದ್ದೆ. ಕ್ರೀಮಿನ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಂಖ್ಯೆ. "ಅಕ್ಕಾರ, ಇದು ನೂರು ಎಸ್‌ಪಿಎಫ್ ಐತ್ರಿ, ಮುಂಜಾನೆ ಒಮ್ಮೆ ಹಚ್ಚಿದ್ರ ಸಂಜೀತನಕ ಚಿಂತಿಲ್ರಿ" ಎಂದು ಔಷಧದಂಗಡಿಯ ಹುಡುಗ ವಿಶ್ವಾಸದಿಂದಲೇ ಹೇಳಿದ. ಎಸ್‌ಪಿಎಫ್ ಎಂಬುದು ಬಿಸಿಲಿನ ಸುಡುವಿಕೆಯನ್ನು ಕ್ರೀಮು ಎಷ್ಟು ತಡೆಯುತ್ತದೆಂಬುದರ ಅಳತೆ, ಗಂಟೆಗಳ ಲೆಕ್ಕವಲ್ಲ. ನಿಗದಿತ ದಪ್ಪಕ್ಕೆ ಹಚ್ಚಿದಾಗ ಎಸ್‌ಪಿಎಫ್ 15 ಯುವಿಬಿಯ ಸುಮಾರು ಶೇ. 93ನ್ನು, 30 ಸುಮಾರು ಶೇ. 97ನ್ನು, 50 ಸುಮಾರು ಶೇ. 98ನ್ನು, 100 ಸುಮಾರು ಶೇ. 99ನ್ನು ತಡೆಯುತ್ತದೆ. ಮೂವತ್ತರಿಂದ ನೂರಕ್ಕೆ ಏರಿದರೂ ಸಿಗುವುದು ಎರಡೇ ಅಂಶ. ಎರಡು ಗಂಟೆಗೊಮ್ಮೆ, ನೀರಿನಲ್ಲಿ ಆಡಿದ ಮೇಲೆ, ಬೆವರು ಒರೆಸಿದ ಮೇಲೆ ಮತ್ತೆ ಹಚ್ಚುವುದು ಮಾತ್ರ ತಪ್ಪುವುದಿಲ್ಲ. ಎಸ್‌ಪಿಎಫ್ ಯುವಿಎ ಬಗ್ಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ ಡಬ್ಬಿಯ ಮೇಲೆ ಬ್ರಾಡ್ ಸ್ಪೆಕ್ಟ್ರಮ್ ಎಂದೋ ಪಿಎ ಅಕ್ಷರಗಳ ಮುಂದೆ ಮೂರು ನಾಲ್ಕು ಪ್ಲಸ್ ಚಿಹ್ನೆಗಳೋ ಇವೆಯೇ ಎಂದು ನೋಡಬೇಕು.

ನಿಗದಿತ ದಪ್ಪ ಎಂದೆನಲ್ಲ, ನನ್ನ ಟ್ಯೂಬಿನ ಗುಟ್ಟು ಅಲ್ಲಿತ್ತು. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮು ಹಚ್ಚುತ್ತಾರೆ. ಏಳು ವರ್ಷದ ಮಗುವಿನ ಮೈಯ ವಿಸ್ತೀರ್ಣ ಸುಮಾರು 8,500 ಚದರ ಸೆಂಟಿಮೀಟರ್. ಮುಖ, ಕಿವಿ, ಕುತ್ತಿಗೆ, ತೋಳು ಮತ್ತು ಮೊಣಕಾಲಿನ ಕೆಳಗಿನ ಭಾಗ ಸೇರಿ ಮೂರನೆಯ ಒಂದರ ಹತ್ತಿರ ಎಂದು ಹಿಡಿದರೆ, ಒಂದು ಸಲಕ್ಕೆ ಬೇಕಾದದ್ದು ಐದು ಗ್ರಾಮಿಗಿಂತ ತುಸು ಹೆಚ್ಚು, ಅಂದರೆ ತುಂಬಿದ ಒಂದು ಟೀ ಚಮಚ. 50 ಗ್ರಾಂ ಟ್ಯೂಬು ಒಂಬತ್ತು ಹತ್ತು ಸಲಕ್ಕೆ ಮುಗಿಯಬೇಕು. ನಾನು ಎರಡು ತಿಂಗಳು ಓಡಿಸಿದ್ದೆ. ಅರ್ಧ ದಪ್ಪಕ್ಕೆ ಹಚ್ಚಿದರೆ ಡಬ್ಬಿಯ ಮೇಲಿನ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ. ಬಟಾಣಿ ಕಾಳಿನಷ್ಟು ಕ್ರೀಮು ಮುಖಕ್ಕೇ ಸಾಲದು, ಸುಟ್ಟ ಹೆಗಲಿಗಂತೂ ನಾನು ಹಚ್ಚಿಯೇ ಇರಲಿಲ್ಲ. ಹಾಗಾಗಿ ನೂರರ ಸಣ್ಣ ಟ್ಯೂಬಿಗಿಂತ ಮೂವತ್ತು ಅಥವಾ ಐವತ್ತರ ದೊಡ್ಡ ಟ್ಯೂಬು ನನಗೆ ಒಳ್ಳೆಯ ವ್ಯಾಪಾರವೆನಿಸುತ್ತದೆ. ಎಲ್ಲ ದಿನಕ್ಕೂ ಬೇಕಾದದ್ದೇನಲ್ಲ. ತುಂಬುತೋಳಿನ ಅಂಗಿಯ ದಿನ ಮುಖ ಮತ್ತು ಕತ್ತಿಗಷ್ಟೇ ಸಾಕು.

ಒಳಗಿನ ರಾಸಾಯನಿಕಗಳ ಬಗ್ಗೆ ತಾಯಂದಿರಲ್ಲಿ ಭಯ ಹೆಚ್ಚು, ಅದು ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2019ರ ತನ್ನ ಪ್ರಸ್ತಾವದಲ್ಲಿ, ಸನ್‌ಸ್ಕ್ರೀನಿನ 16 ಸಕ್ರಿಯ ವಸ್ತುಗಳ ಪೈಕಿ ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಎಂಬ ಎರಡನ್ನು ಮಾತ್ರ ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಗುರುತಿಸಿತು. ಎರಡನ್ನು ತಳ್ಳಿಹಾಕಿತು, ಉಳಿದ ಹನ್ನೆರಡಕ್ಕೆ ಇನ್ನಷ್ಟು ಮಾಹಿತಿ ಬೇಕೆಂದಿತು. ಆಕ್ಸಿಬೆನ್‌ಝೋನ್ ಮೊದಲಾದ ಕೆಲವು ವಸ್ತುಗಳು ಚರ್ಮದ ಮೂಲಕ ರಕ್ತವನ್ನು ಸೇರುತ್ತವೆಂಬುದು ಅದೇ ಸಂಸ್ಥೆಯ 2019 ಮತ್ತು 2020ರ ಪ್ರಯೋಗಗಳಲ್ಲಿ ಕಂಡಿತು. ರಕ್ತ ಸೇರುವುದೆಂದರೆ ಹಾನಿ ಆಗುವುದೆಂದಲ್ಲ, ಇದನ್ನು ಸಂಸ್ಥೆಯೂ ಸ್ಪಷ್ಟವಾಗಿ ಹೇಳಿದೆ. ಆದರೂ ಒಂದೇ ಕೆಲಸಕ್ಕೆ ಎರಡು ದಾರಿಯಿದ್ದು, ಝಿಂಕ್, ಟೈಟಾನಿಯಂಗಳಂಥ ಖನಿಜದ್ದು ಚರ್ಮದ ಮೇಲೆಯೇ ನಿಲ್ಲುವುದಾದರೆ ಮಗುವಿಗೆ ಅದನ್ನೇ ಆರಿಸುವುದು ನನಗೆ ಸರಿಯೆನಿಸಿತು. ಟ್ಯೂಬಿನ ಮುಂಭಾಗದಲ್ಲಿ ಮಿನರಲ್ ಎಂದು ದೊಡ್ಡದಾಗಿ ಬರೆದಿದ್ದರೂ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಲೇಬೇಕು: ಆಕ್ಸಿಬೆನ್‌ಝೋನ್ ಅಲ್ಲಿ ಬೆಂಝೋಫೀನೋನ್-3 ಎಂಬ ಹೆಸರಿನಲ್ಲಿಯೂ, ಅಂಥದ್ದೇ ಇನ್ನೊಂದು ವಸ್ತುವಾದ ಆಕ್ಟಿನಾಕ್ಸೇಟ್ ಎಥೈಲ್‌ಹೆಕ್ಸೈಲ್ ಮಿಥಾಕ್ಸಿಸಿನ್ನಮೇಟ್ ಎಂಬ ಹೆಸರಿನಲ್ಲಿಯೂ ಇರುತ್ತದೆ. ಸುವಾಸನೆ ಬೇಡ. ಸ್ಪ್ರೇ ಮತ್ತು ಪುಡಿಯೂ ಬೇಡ, ಏಕೆಂದರೆ ಮೈಮೇಲೆ ನಿರಪಾಯವಾದ ಟೈಟಾನಿಯಂ ಡೈಆಕ್ಸೈಡಿನ ಕಣಗಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗುವುದು ಒಳ್ಳೆಯದಲ್ಲ. ಹೊಸ ಟ್ಯೂಬು ತಂದಾಗ ಮೊಣಕೈ ಒಳಬದಿಗೆ ಒಂದಿಷ್ಟು ಹಚ್ಚಿ ಒಂದು ದಿನ ಕಾಯುತ್ತೇನೆ. ಕೊಬ್ಬರಿ ಎಣ್ಣೆ ಸಾಕೆನ್ನುವವರು ಇದ್ದಾರೆ. ಅದು ಚರ್ಮವನ್ನು ಮೆದುವಾಗಿಡುತ್ತದೆ, ಬಿಸಿಲನ್ನು ತಡೆಯುವ ಶಕ್ತಿ ಅದಕ್ಕೆ ಬಹಳ ಕಡಿಮೆ.

ಝಿಂಕ್ ಕ್ರೀಮಿನ ದೋಷವೆಂದರೆ ಬಿಳುಪು. ಹಚ್ಚಿದ ಮೊದಲ ದಿನ ಅತ್ತೆಯವರು, "ಏನವಾ ಇದು, ಕೂಸಿನ ಮಾರಿಗೆ ಸುಣ್ಣಾ ಬಳದಂಗ ಬಳದೀ?" ಎಂದು ಗಾಬರಿಯಾದರು. ಮಗಳಿಗೆ ಮಾತ್ರ ಅದು ವೇಷ ಕಟ್ಟಿದ ಹಾಗೆ. ಬಿಳುಪು ನೋಡಿ ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟಿದೆಯೆಂದು ನನಗೂ ಗೊತ್ತಾಗುತ್ತದೆ.

ಕ್ರೀಮು ಹಚ್ಚಿದರೆ ವಿಟಮಿನ್ ಡಿ ಸಿಗುವುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಅದೇ ಯುವಿಬಿಯಿಂದ. ಜೋಳದ ರೊಟ್ಟಿಯಲ್ಲಾಗಲಿ ಪಲ್ಯದಲ್ಲಾಗಲಿ ಅದಿಲ್ಲ, ಮೊಟ್ಟೆಯ ಹಳದಿಯಲ್ಲಿ, ಕೆಲವು ಮೀನುಗಳಲ್ಲಿ ಸ್ವಲ್ಪ ಇದೆ. ಬೆಳಗಿನ ಏಳು ಗಂಟೆಯ ಎಳೆಬಿಸಿಲೇ ಮಕ್ಕಳಿಗೆ ಅಮೃತವೆಂದು ನಾನೂ ನಂಬಿದ್ದೆ. ಸೂರ್ಯ ಕೆಳಗಿರುವಾಗ ಯುವಿಬಿ ವಾತಾವರಣದಲ್ಲಿಯೇ ಬಹುಪಾಲು ಸೋಸಿಹೋಗುತ್ತದೆ. ಎಳೆಬಿಸಿಲು ಹಿತ, ಸುಡುವುದಿಲ್ಲ, ಅದೇ ಕಾರಣಕ್ಕೆ ವಿಟಮಿನ್ನನ್ನೂ ಹೆಚ್ಚು ಕೊಡುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಕೂರಿಸಿದರೆ ಇನ್ನೂ ವ್ಯರ್ಥ: ಗಾಜು ಯುವಿಬಿಯನ್ನು ತಡೆದು ಯುವಿಎಯನ್ನು ಒಳಬಿಡುತ್ತದೆ. ಆದ್ದರಿಂದ ನೆರಳು ನಮ್ಮಷ್ಟೇ ಉದ್ದಕ್ಕೆ ಬರುವ ಹೊತ್ತಿನ ಆಚೀಚೆ, ಕ್ರೀಮಿಲ್ಲದೆ, ತೋಳು ಕಾಲು ಬಿಟ್ಟುಕೊಂಡು ಹದಿನೈದು ಇಪ್ಪತ್ತು ನಿಮಿಷ ಅಂಗಳದಲ್ಲಿ ಕುಂಟಬಿಲ್ಲೆ ಆಡುವುದನ್ನು ರೂಢಿ ಮಾಡಿಸಿದ್ದೇನೆ. ಬೇಸಿಗೆ ರಜೆಯಲ್ಲಿ ಒಂಬತ್ತರ ಸುಮಾರಿಗೆ, ಚಳಿಗಾಲದ ಭಾನುವಾರಗಳಲ್ಲಿ ಹನ್ನೊಂದರ ಹತ್ತಿರ.

ಇಲ್ಲಿ ನಮ್ಮ ಮೈಬಣ್ಣದ ಮಾತೂ ಬರಬೇಕು. ಆಸ್ಟ್ರೇಲಿಯಾ, ಅಮೆರಿಕಗಳ ಎಚ್ಚರಿಕೆಗಳು ಬಹುಮಟ್ಟಿಗೆ ಬಿಳಿಯ ಚರ್ಮದವರಿಗಾಗಿ, ಅವರಲ್ಲಿ ಹೆಚ್ಚಾಗಿರುವ ಚರ್ಮದ ಕ್ಯಾನ್ಸರನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟಿದವು. ನಮ್ಮ ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಾನೇ ಒಂದು ಕೊಡೆ. ನಮ್ಮಲ್ಲಿ ಆ ಕ್ಯಾನ್ಸರ್ ವಿರಳ, ವಿಟಮಿನ್ ಡಿ ಕೊರತೆ ಸಾಮಾನ್ಯ. ಅಷ್ಟರಿಂದ ನಮ್ಮ ಮಕ್ಕಳು ಸುಡುವುದಿಲ್ಲ ಎಂದಾಗುವುದಿಲ್ಲ. ತೊನ್ನಿನ ಕಲೆಗಳಿರುವ ಮಕ್ಕಳಿಗೆ, ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಮಕ್ಕಳಿಗೆ ಈ ಕೊಡೆ ಇರುವುದೇ ಇಲ್ಲ. ಅವರಿಗೆ ಪೂರ್ಣ ರಕ್ಷಣೆ, ವೈದ್ಯರ ಸಲಹೆ ಎರಡೂ ಬೇಕು. ನನಗೆ ಬೇಸರ ತರುವುದು ಬೇರೆಯೇ ಸಂಗತಿ. ಸನ್‌ಸ್ಕ್ರೀನ್ ಯಾವುದೆಂದು ಕೇಳುವ ಹತ್ತರಲ್ಲಿ ಎಂಟು ಮಂದಿ ಮಗು ಸುಟ್ಟೀತೆಂದು ಕೇಳುವುದಿಲ್ಲ, ಕಪ್ಪಾದೀತೆಂದು ಕೇಳುತ್ತಾರೆ. ಬಣ್ಣ ತಿಳಿಯಾಗಿಸುವ ಕ್ರೀಮನ್ನು ಮಗುವಿಗೆ ಹಚ್ಚಬೇಡಿ. ಕಪ್ಪು ಹೋಗಲೆಂದು ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚುವುದಂತೂ ಅಪಾಯ, ಏಕೆಂದರೆ ನಿಂಬೆಯಲ್ಲಿರುವ ಕೆಲವು ವಸ್ತುಗಳು ಬಿಸಿಲಿನೊಂದಿಗೆ ಸೇರಿ ಚರ್ಮವನ್ನು ಸುಟ್ಟು, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಮಾಡುತ್ತವೆ.

ಆರು ತಿಂಗಳೊಳಗಿನ ಕೂಸುಗಳ ಲೆಕ್ಕವೇ ಬೇರೆ. ಅವುಗಳಿಗೆ ಸನ್‌ಸ್ಕ್ರೀನ್ ಹಚ್ಚುವ ಬದಲು ನೇರ ಬಿಸಿಲಿನಿಂದಲೇ ದೂರವಿಡಬೇಕು ಎಂಬುದು ಸಾಮಾನ್ಯ ಸಲಹೆ. ವಿಟಮಿನ್ ಡಿಗಾಗಿ ಮೊದಲ ವರ್ಷ ದಿನಕ್ಕೆ 400 ಐಯು (ಅಂತರರಾಷ್ಟ್ರೀಯ ಮಾನ) ಹನಿಗಳನ್ನು ಭಾರತೀಯ ಮಕ್ಕಳ ತಜ್ಞರು ಶಿಫಾರಸು ಮಾಡುತ್ತಾರೆ. ಬಾಣಂತಿಯ ಮನೆಗಳಲ್ಲಿ ಹಳದಿ ಕಾಮಾಲೆಯ ಕೂಸನ್ನು ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸುವ ರೂಢಿಯಿದೆ. ಕಾಮಾಲೆಯನ್ನು ಇಳಿಸುವುದು ಬೆಳಕಿನ ನೀಲಿ ಭಾಗ, ಅದನ್ನು ಅಳತೆಯಾಗಿ ಕೊಡುವ ದೀಪಗಳು ಆಸ್ಪತ್ರೆಗಳಲ್ಲಿವೆ. ಕೂಸು ಹಳದಿಯಾಗಿ ಕಂಡರೆ ಅಂಗಳಕ್ಕಲ್ಲ, ವೈದ್ಯರ ಬಳಿಗೆ ಒಯ್ಯಬೇಕು.

ಮಗಳ ಶಾಲೆಯಲ್ಲಿ ಕ್ರೀಡಾಕೂಟದ ಕವಾಯತು ಅಭ್ಯಾಸ ನಡೆಯುವುದು ಹನ್ನೊಂದೂವರೆಯಿಂದ ಒಂದರವರೆಗೆ, ಮರವಿಲ್ಲದ ಮೈದಾನದಲ್ಲಿ. ಎಂಟೂವರೆಗೆ ಇಡಲು ಸಾಧ್ಯವೇ ಎಂದು ಪಿಟಿ ಮಾಸ್ತರರನ್ನು ಕೇಳಿಕೊಂಡೆ. ಓಟದ ಅಭ್ಯಾಸವನ್ನು ಬೆಳಿಗ್ಗೆಗೆ ತಂದರು; ಕವಾಯತಿಗೆ ಎಲ್ಲ ತರಗತಿಗಳೂ ಕೂಡಬೇಕು, ಬೆಳಗಿನ ಪಾಠ ಬಿಡಿಸಲಾಗದು ಎಂದರು. ಹೀಗಾಗಿ ಕವಾಯತಿರುವ ವಾರದ ಎರಡು ದಿನ ಊಟದ ಡಬ್ಬಿಯ ಜೊತೆಗೆ ಜುಟ್ಟಿನ ಟೊಪ್ಪಿಗೆಯೂ ಒಂದು ಚಮಚದಷ್ಟು ಕ್ರೀಮು ತುಂಬಿದ ಸಣ್ಣ ಕರಡಿಗೆಯೂ ಚೀಲ ಸೇರುತ್ತವೆ. ಸಂಜೆ ಕರಡಿಗೆ ಖಾಲಿಯಾಗಿ ಬರುತ್ತದೆ. ಅರ್ಧವನ್ನು ಪಕ್ಕದ ಸಾಲಿನ ಗೆಳತಿಗೆ ಹಚ್ಚಿದ್ದಾಗಿ ಮೊನ್ನೆ ಹೇಳಿದಳು, ಈಗ ಎರಡು ಚಮಚ ತುಂಬುತ್ತಿದ್ದೇನೆ.